ಮಕ್ಕಳನ್ನು ಫುಟ್‌ಬಾಲ್ ಕ್ಲಬ್ಬಿಗೆ ಸೇರಿಸುವ ತುಮಕೂರಿನ ಪೋಷಕರ ಗಮನಕ್ಕೆ

ಮಗನನ್ನೋ ಮಗಳನ್ನೋ ಸ್ಪರ್ಧಾತ್ಮಕ ಫುಟ್‌ಬಾಲ್ ಕ್ಲಬ್ಬಿಗೆ ಸೇರಿಸಲು ಹೊರಟಿರುವ ಪೋಷಕರು, ಶುಲ್ಕ ಎಷ್ಟು ಎಂದು ಕೇಳುವುದಕ್ಕೂ ಮೊದಲು, ಮಗುವಿನ ನೋಂದಣಿ ಎಲ್ಲಿ, ಯಾರ ಮೂಲಕ ಆಗುತ್ತದೆ ಮತ್ತು ಕ್ಲಬ್ಬು ಬಿಡಬೇಕೆಂದಾಗ ಅದನ್ನು ಯಾವ ಷರತ್ತಿನ ಮೇಲೆ ಬಿಟ್ಟುಕೊಡುತ್ತಾರೆ ಎಂದು ಕೇಳಬೇಕು. ನಮ್ಮ ಮಗ ತುಮಕೂರಿನ ಒಂದು ಖಾಸಗಿ ಕ್ಲಬ್ಬಿನ ಹದಿಮೂರು ವರ್ಷದೊಳಗಿನವರ ತಂಡದಲ್ಲಿದ್ದ. ಕಟ್ಟಿದ ಹಣ ಹಿಂತಿರುಗಲಿಲ್ಲ ಎಂಬುದು ನಮ್ಮ ದೂರಿನ ಸಣ್ಣ ಭಾಗ. ಕ್ಲಬ್ಬನ್ನು ಬಿಟ್ಟ ಮೇಲೂ ಅವನು ಬೇರೆ ಯಾವ ತಂಡಕ್ಕೂ ಆಡಲಾಗದಂತೆ ತಿಂಗಳುಗಟ್ಟಲೆ ಅವನ ನೋಂದಣಿಯನ್ನು ಹಿಡಿದಿಟ್ಟುಕೊಂಡರು ಎಂಬುದೇ ಈ ಬರಹಕ್ಕೆ ಕಾರಣ.

ಈ ನೋಂದಣಿ ಏನೆಂದು ತಿಳಿಯದವರೇ ನಮ್ಮಲ್ಲಿ ಹೆಚ್ಚು. ಅಧಿಕೃತ ಪಂದ್ಯಗಳಲ್ಲಿ ಆಡುವ ಆಟಗಾರರ ವಿವರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ, ಅಂದರೆ ಎಲ್ಲರೂ ಸಿಆರ್‌ಎಸ್ ಎಂದು ಕರೆಯುವ ಕಡೆ, ದಾಖಲಾಗುತ್ತದೆ. ಒಬ್ಬ ಆಟಗಾರ ಒಂದು ಸಮಯದಲ್ಲಿ ಒಂದೇ ಕ್ಲಬ್ಬಿನಲ್ಲಿ ನೋಂದಾಯಿತನಾಗಿರಬೇಕು ಎಂಬುದು ಫಿಫಾ ನಿಯಮ. ನಿಯಮದಲ್ಲಿ ತಪ್ಪಿಲ್ಲ, ಅದಿಲ್ಲದಿದ್ದರೆ ಒಬ್ಬನೇ ಹುಡುಗ ಶನಿವಾರ ಒಂದು ಜೆರ್ಸಿ, ಭಾನುವಾರ ಇನ್ನೊಂದು ಜೆರ್ಸಿ ತೊಟ್ಟು ಆಡಬಹುದಿತ್ತು. ಆದರೆ ವಿವರಗಳನ್ನು ತುಂಬುವವರು ಕ್ಲಬ್ಬಿನವರೇ. ಪ್ರವೇಶದ ದಿನ ಆಧಾರ್ ಪ್ರತಿ, ಜನನ ಪ್ರಮಾಣಪತ್ರ, ಭಾವಚಿತ್ರಗಳ ಜೊತೆಗೆ ನಾಲ್ಕೈದು ಕಾಗದಗಳನ್ನು ಒಟ್ಟಿಗೆ ಮುಂದಿಟ್ಟು ‘ಇದೆಲ್ಲ ಫಾರ್ಮಾಲಿಟಿ ಮೇಡಂ’ ಎಂದು ಸಹಿ ಪಡೆದವರು, ಅವುಗಳಲ್ಲಿ ಒಂದರ ಪ್ರತಿಯನ್ನೂ ನಮಗೆ ಕೊಡಲಿಲ್ಲ. ಕೇಳಿದಾಗ ಕಚೇರಿಯಿಂದ ಬರಲಿ ಎಂದರು, ಬರಲೇ ಇಲ್ಲ.

ಬಿಡುತ್ತೇವೆ ಎಂದು ತಿಳಿಸಿದಾಗ ಕ್ಲಬ್ಬಿನ ವ್ಯವಸ್ಥಾಪಕರು ‘ಟ್ರೈನಿಂಗ್ ಕಾಂಪೆನ್ಸೇಷನ್’ ಎಂದು 25,000 ರೂಪಾಯಿ ಕೇಳಿದರು, ಇದು ಫಿಫಾ ನಿಯಮ ಎಂದೂ ಸೇರಿಸಿದರು. ಫಿಫಾದಲ್ಲಿ ಆ ಹೆಸರಿನ ನಿಯಮ ಇರುವುದು ನಿಜ. ಎಳೆಯ ಆಟಗಾರ ಮುಂದೆ ವೃತ್ತಿಪರನಾದಾಗ, ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಅವನನ್ನು ಸೇರಿಸಿಕೊಂಡ ಕ್ಲಬ್ಬು ಕೊಡಬೇಕಾದ ಪರಿಹಾರ ಅದು. ಕ್ಲಬ್ಬು ಕ್ಲಬ್ಬುಗಳ ನಡುವಿನ ಆ ಲೆಕ್ಕಕ್ಕೂ, ತಿಂಗಳು ತಿಂಗಳು ಶುಲ್ಕ ಕಟ್ಟಿ ಮಗುವನ್ನು ಕಲಿಯಲು ಕಳಿಸಿದ ತಾಯಿತಂದೆಯರಿಗೂ ಯಾವ ಸಂಬಂಧವೂ ಇಲ್ಲ. ಹನ್ನೆರಡು ವರ್ಷದ ಹುಡುಗನ ಮನೆಯವರಿಂದ ಈ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ, ಯಾವ ನಿಯಮದ ಯಾವ ಕಲಮು ಎಂದು ಬರೆದು ಕೊಡಿ ಎನ್ನಿ. ನಾವು ಹಾಗೆ ಕೇಳಿದ ಮೇಲೆ ಆ ಮೊತ್ತದ ಮಾತು ನಿಂತಿತು, ಬಿಡುಗಡೆಯ ಮಾತು ಮಾತ್ರ ಮುಂದಕ್ಕೆ ಸಾಗಲಿಲ್ಲ.

ಇದೆಲ್ಲ ಆರಂಭವಾಗುವುದು ಟ್ರಯಲ್ಸಿನಿಂದ. ಟ್ರಯಲ್ಸಿಗೂ ಶುಲ್ಕವಿತ್ತು, ಬಂದ ಮಕ್ಕಳಲ್ಲಿ ‘ಆಯ್ಕೆಯಾಗದ’ ಮಗುವನ್ನು ನಾನು ಕಾಣಲಿಲ್ಲ. ಆಯ್ಕೆಯಾದವರಲ್ಲಿ ಯಾರು ಪಂದ್ಯದ ತಂಡಕ್ಕೆ, ಯಾರು ಬರೀ ಅಭ್ಯಾಸಕ್ಕೆ ಎಂಬುದನ್ನು ವಾರ್ಷಿಕ ಶುಲ್ಕ ಕಟ್ಟಿದ ಮೇಲೆ ಹೇಳಿದರು. ಆಮೇಲೆ ಕಿಟ್ಟಿಗೆ ಬೇರೆ ಹಣ, ಬೆಂಗಳೂರಿನ ಪಂದ್ಯಗಳ ಬಸ್ಸಿಗೆ ಬೇರೆ, ಟೂರ್ನಿಯ ಪ್ರವೇಶಕ್ಕೆ ಬೇರೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ಎಂಟರ ಪಂದ್ಯಕ್ಕೆ ಮಕ್ಕಳು ಐದಕ್ಕೇ ಹೊರಡಬೇಕು, ಹಿಂತಿರುಗುವಾಗ ನೆಲಮಂಗಲದ ವಾಹನ ದಟ್ಟಣೆ. ಇಷ್ಟೆಲ್ಲ ಮಾಡಿ ಹೋದ ಹುಡುಗ ಹತ್ತು ನಿಮಿಷವೂ ಮೈದಾನಕ್ಕಿಳಿಯದೆ ಬೆಂಚಿನ ಮೇಲೆ ಕುಳಿತು ಬಂದರೆ, ನಾವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಎಂಬ ಪ್ರಶ್ನೆ ಏಳುವುದು ಸಹಜ.

ಬೆಂಚಿನ ವಿಚಾರವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅಲ್ಲಿ ಕ್ಲಬ್ಬಿನವರ ಪಕ್ಷಪಾತದ ಜೊತೆಗೆ ಇನ್ನೊಂದು ಸಂಗತಿಯೂ ಕೆಲಸ ಮಾಡುತ್ತದೆ. ನಮ್ಮ ಶಾಲೆಗಳು ಜೂನ್ 1ನ್ನು ಆಧರಿಸಿ ವಯಸ್ಸು ಎಣಿಸುತ್ತವೆ; ಫೆಡರೇಷನ್ನಿನ ಕಿರಿಯರ ಪಂದ್ಯಗಳ ವಯೋಮಿತಿ ಜನವರಿ 1ರಿಂದ ಲೆಕ್ಕವಾಗುತ್ತದೆ. ಹೀಗಾಗಿ ಡಿಸೆಂಬರಿನಲ್ಲಿ ಹುಟ್ಟಿದ ನಮ್ಮ ಮಗ, ಅದೇ ವರ್ಷದ ಜನವರಿಯಲ್ಲಿ ಹುಟ್ಟಿದ, ತನಗಿಂತ ಹನ್ನೊಂದು ತಿಂಗಳು ದೊಡ್ಡವರಾದ ಹುಡುಗರ ಜೊತೆ ಒಂದೇ ಗುಂಪಿನಲ್ಲಿ ನಿಲ್ಲಬೇಕಾಯಿತು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಆ ಅಂತರ ಎತ್ತರದಲ್ಲಿ, ಓಟದಲ್ಲಿ, ಭುಜದ ಬಲದಲ್ಲಿ ಕಣ್ಣಿಗೆ ಹೊಡೆಯುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಕಿರಿಯರ ತಂಡಗಳಿಗೆ ಹೆಚ್ಚಾಗಿ ಆಯ್ಕೆಯಾಗುತ್ತಾರೆಂದು ಯುರೋಪಿನ ಫುಟ್‌ಬಾಲ್ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇದನ್ನು ಬಲ್ಲ ತರಬೇತುದಾರರು ತಡವಾಗಿ ಬೆಳೆಯುವ ಮಕ್ಕಳಿಗೆ ಕಾಯುತ್ತಾರೆ, ಆಡುವ ನಿಮಿಷಗಳನ್ನು ಹಂಚುತ್ತಾರೆ. ನಮ್ಮ ಕ್ಲಬ್ಬಿನಲ್ಲಿ ದೊರೆತ ಉತ್ತರ ಬೇರೆಯದು: ‘ಅವನಿಗೆ ಇನ್ನೂ ಪವರ್ ಬಂದಿಲ್ಲ ಮೇಡಂ, ಪರ್ಸನಲ್ ಟ್ರೈನಿಂಗ್ ಹಾಕಿಸಿ.’ ಆ ವೈಯಕ್ತಿಕ ತರಬೇತಿಗೂ ತಿಂಗಳಿಗೊಂದು ದರವಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಬ್ಬ ಪೋಷಕರಿಗೆ ಜನ್ಮದಿನಾಂಕವನ್ನು ‘ಸ್ವಲ್ಪ ಅಡ್ಜಸ್ಟ್’ ಮಾಡಿಸುವ ಸಲಹೆಯೂ ಬಂದಿತ್ತು. ಅಂಥ ಮಾತು ಕೇಳಿದ ದಿನವೇ ಆ ಕ್ಲಬ್ಬಿನಿಂದ ಹೊರಬರುವುದು ಒಳ್ಳೆಯದು. ವಯಸ್ಸಿನ ವಂಚನೆಯನ್ನು ಹಿಡಿಯಲು ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ಬೆಳವಣಿಗೆ ನೋಡುವ ಪರೀಕ್ಷೆ ಇದೆ, ಸಿಕ್ಕಿಬಿದ್ದಾಗ ಕಳಂಕ ಹೊರುವುದು ಮಗುವೇ.

ಫ್ಲೆಕ್ಸಿನಲ್ಲಿ ಮುದ್ರಿಸಿದ ಮುಖ್ಯ ತರಬೇತುದಾರರನ್ನು ನಾವು ಉದ್ಘಾಟನೆಯ ದಿನ ಕಂಡೆವು, ಮತ್ತೆ ಕಾಣಲಿಲ್ಲ. ದಿನನಿತ್ಯ ಕಲಿಸಿದವರು ಪದವಿ ಕಾಲೇಜಿನ ಇಬ್ಬರು ಹುಡುಗರು. ಒಳ್ಳೆಯ ಹುಡುಗರೇ, ಆದರೆ ಇಬ್ಬರ ಬಳಿಯೂ ತರಬೇತಿಯ ಪರವಾನಗಿ ಇರಲಿಲ್ಲ. ಫುಟ್‌ಬಾಲ್ ತರಬೇತುದಾರರಿಗೆ ಡಿ, ಸಿ, ಬಿ, ಎ ಮತ್ತು ಪ್ರೊ ಎಂದು ಮೆಟ್ಟಿಲುಮೆಟ್ಟಿಲಾಗಿ ಲೈಸೆನ್ಸುಗಳಿವೆ. ಆದ್ದರಿಂದ ಕ್ಲಬ್ಬಿನಲ್ಲಿ ಲೈಸೆನ್ಸು ಇರುವವರು ಯಾರು ಎಂದು ಕೇಳುವುದು ಸಾಲದು. ನಮ್ಮ ಮಗುವಿನ ಗುಂಪಿಗೆ ವಾರದಲ್ಲಿ ಎಷ್ಟು ದಿನ ಅವರೇ ನಿಂತು ಕಲಿಸುತ್ತಾರೆ ಎಂದು ಕೇಳಬೇಕು. ಹುಡುಗಿಯರ ಪೋಷಕರು, ಹೊರಊರಿನ ಪಂದ್ಯಗಳಿಗೆ ಜೊತೆಗೆ ಹೋಗುವ ಮಹಿಳೆ ಯಾರೆಂದು ಹೆಸರು ಸಹಿತ ಕೇಳಿ.

ನಮ್ಮ ಊರಿನಲ್ಲಿ ಅನೇಕರು ಕ್ಲಬ್ಬಿಗೆ ಒಪ್ಪುವುದು ಸಿಇಟಿಯ ಕ್ರೀಡಾ ಕೋಟಾದ ಆಸೆಯಿಂದ. ಕ್ಲಬ್ಬಿನವರಿಗೂ ಅದು ಗೊತ್ತು. ಗೋವಾದಲ್ಲಿ ನಡೆದ ‘ನ್ಯಾಷನಲ್’ ಟೂರ್ನಿಯೊಂದಕ್ಕೆ ಪ್ರತಿ ಮಗುವಿನಿಂದ 14,000 ರೂಪಾಯಿ ಪಡೆದು, ಪ್ರಮಾಣಪತ್ರ ಸೀಟಿಗೆ ಉಪಯೋಗಕ್ಕೆ ಬರುತ್ತದೆ ಎಂದರು. ಖಾಸಗಿ ಸಂಘಟಕರು ಹಣ ಪಡೆದು ನಡೆಸುವ ಆಹ್ವಾನಿತ ಪಂದ್ಯಾವಳಿ, ಹೆಸರಿನಲ್ಲಿ ನ್ಯಾಷನಲ್ ಎಂದಿರುವ ಮಾತ್ರಕ್ಕೆ ಫೆಡರೇಷನ್ನಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಗುವುದಿಲ್ಲ. ಕೋಟಾದ ಪ್ರಮಾಣಪತ್ರಗಳನ್ನು ಪರಿಶೀಲಿಸುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಹಣ ಕಟ್ಟುವ ಮುನ್ನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಆ ಟೂರ್ನಿಯ ಹೆಸರು ಹೇಳಿ ವಿಚಾರಿಸಬಹುದು. ನನಗೆ ಹೆಚ್ಚು ಸಿಟ್ಟು ತಂದ ಸಂಗತಿಯೆಂದರೆ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಹಂತಹಂತವಾಗಿ ಸಾಗುವ ಶಾಲಾ ಕ್ರೀಡಾಕೂಟಕ್ಕೆ ಹೋದರೆ ತಂಡದಿಂದ ಕೈಬಿಡುತ್ತೇವೆಂದು ಇದೇ ಕ್ಲಬ್ಬಿನವರು ಮಕ್ಕಳನ್ನು ಹೆದರಿಸಿದ್ದು. 1960ರಿಂದ ನಡೆದುಬಂದಿರುವ ಸುಬ್ರೋತೊ ಕಪ್ ಕೂಡ ಶಾಲಾ ತಂಡಗಳ ಪಂದ್ಯಾವಳಿಯೇ. ಆ ಹಾದಿಯನ್ನು ಮುಚ್ಚಿಸುವ ಅಧಿಕಾರ ಕ್ಲಬ್ಬಿಗಿಲ್ಲ.

ವಿದೇಶಿ ಕ್ಲಬ್ಬಿನ ಆಮಿಷದ ಬಗ್ಗೆ ಒಂದೇ ಮಾತು: ಕೆಲವು ನಿರ್ದಿಷ್ಟ ವಿನಾಯಿತಿಗಳ ಹೊರತು, 18 ವರ್ಷ ತುಂಬದ ಆಟಗಾರರ ಅಂತರರಾಷ್ಟ್ರೀಯ ವರ್ಗಾವಣೆಗೆ ಫಿಫಾ ಅವಕಾಶ ಕೊಡುವುದಿಲ್ಲ.

ಕೊನೆಗೆ ನಮ್ಮ ಕೆಲಸ ಆದದ್ದು ಕಾಗದದಿಂದ. ಬಾಯಿಮಾತನ್ನು ನಿಲ್ಲಿಸಿ, ಮಗ ಬಿಟ್ಟ ದಿನಾಂಕ, ಕಟ್ಟಿದ ಮೊತ್ತ, ಬಿಡುಗಡೆ ಕೇಳಿದ ದಿನಾಂಕಗಳನ್ನು ಬರೆದು ಕ್ಲಬ್ಬಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಪ್ರತಿಯನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಕಳಿಸಿದೆವು. ಆಮೇಲೆ ಬಿಡುಗಡೆ ದೊರೆಯಿತು, ಆದರೆ ಅಷ್ಟರಲ್ಲಿ ಆ ಋತುವಿನ ಪಂದ್ಯಗಳು ಮುಗಿದಿದ್ದವು. ಶುಲ್ಕದ ವಿಚಾರಕ್ಕೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದ್ದೇವೆ. ಅದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಅಲ್ಲಿ 2 ವರ್ಷದೊಳಗೆ ದೂರು ಸಲ್ಲಿಸಬೇಕು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಇದಕ್ಕೆಲ್ಲ ರಸೀದಿ ಬೇಕು. ನಮ್ಮ ಜೊತೆ ಬಿಟ್ಟ ಇನ್ನೊಂದು ಕುಟುಂಬದವರು ಪೂರ್ತಿ ಹಣವನ್ನು ನಗದಾಗಿ ಕೊಟ್ಟಿದ್ದರಿಂದ ಅವರ ಬಳಿ ತೋರಿಸಲು ಏನೂ ಇಲ್ಲ. ಕಟ್ಟುವುದಾದರೆ ಕ್ಲಬ್ಬಿನ ಬ್ಯಾಂಕ್ ಖಾತೆಗೇ ಕಟ್ಟಿ, ತರಬೇತುದಾರರ ವೈಯಕ್ತಿಕ ಫೋನ್‌ಪೇ ಸಂಖ್ಯೆಗೆ ಹಾಕಬೇಡಿ.