ಹರಿಯುವ ನೀರಿಗೆ ಯಾವ ಡಿಕಾಯ್ ಕಟ್ಟು? ಟೆಕ್ಸಾಸ್ ರಿಗ್ ಮತ್ತು ಉದ್ದ ಹಗ್ಗ

ಬಾತುಗಳನ್ನು ಸೆಳೆಯಲು ಕೆರೆಯಲ್ಲಿ ನಕಲಿ ಬಾತು, ಅಂದರೆ ಡಿಕಾಯ್, ತೇಲಿಬಿಡುವುದು ಸುಲಭ. ಹೊಳೆಯಲ್ಲಿ ಹಾಗಲ್ಲ. ಬೆಳಗಿನ ಕತ್ತಲಲ್ಲಿ ಬಿಟ್ಟ ಡಿಕಾಯ್ ಬೆಳಕಾಗುವ ಹೊತ್ತಿಗೆ ಅಲ್ಲೇ ಇರಬೇಕಲ್ವಾ? ಅದೇ ಕಷ್ಟ.

ನಾನಿರುವುದು ಮಿನ್ನೆಸೋಟದ ರೊಚೆಸ್ಟರ್‌ನಲ್ಲಿ. ಪಕ್ಕದ ಮನೆಯ ಹಿರಿಯರ ಜೊತೆ ವಿನೋನಾ ಹತ್ತಿರ ಮಿಸಿಸಿಪ್ಪಿ ನದಿಗೆ ಬಾತು ಬೇಟೆಗೆ ಹೋಗುತ್ತೇನೆ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳನ್ನು ನೋಡಿ ಬೆಳೆದವನು ನಾನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ. ಇಲ್ಲಿ ಲೈಸೆನ್ಸ್ ಬೇಕು, 25 ಡಾಲರಿನ ಡಕ್ ಸ್ಟಾಂಪ್ ಎಂಬ ಸರ್ಕಾರಿ ಚೀಟಿ ಬೇಕು, ದಿನಕ್ಕೆ ಆರೇ ಬಾತು. ಸ್ಟಾಂಪಿನ ದುಡ್ಡು ಜೌಗುನೆಲ ಉಳಿಸಲು ಹೋಗುತ್ತದೆ ಎಂದು ತಿಳಿದ ಮೇಲೆಯೇ ನನ್ನ ಮನಸ್ಸು ಒಪ್ಪಿದ್ದು.

ಡಿಕಾಯ್ ಕಟ್ಟುವ ರೀತಿ ಎರಡು: ಟೆಕ್ಸಾಸ್ ರಿಗ್ ಮತ್ತು ಉದ್ದ ಹಗ್ಗ. ಎರಡು ಸೀಸನ್ ಎರಡನ್ನೂ ಬಳಸಿದೆ. ಟೆಕ್ಸಾಸ್ ರಿಗ್ ಅಂದರೆ ದಪ್ಪ ನೈಲಾನ್ ದಾರ, ಒಂದು ತುದಿಗೆ ಸೀಸದ ಗುಂಡು, ಇನ್ನೊಂದು ತುದಿಗೆ ಕುಣಿಕೆ. ಡಿಕಾಯ್ ಕೆಳಗಿನ ತೂತಿನಲ್ಲಿ ದಾರ ಜಾರುತ್ತದೆ. ಹನ್ನೆರಡು ಕುಣಿಕೆಯನ್ನೂ ಒಂದೇ ಕೊಕ್ಕೆಗೆ ಸಿಕ್ಕಿಸಿ ಹೆಗಲಿಗೆ ಹಾಕಿಕೊಂಡರೆ ಆಯಿತು, ಗೋಜಲಾಗುವುದಿಲ್ಲ. ಐದೇ ನಿಮಿಷದಲ್ಲಿ ಹರಡಬಹುದು. ಆದರೆ ಸೆಳೆತ ಇರುವ ಕಡೆ ನಾಲ್ಕು ಔನ್ಸ್ ಗುಂಡು ಮರಳಿನ ಮೇಲೆ ಮೆಲ್ಲಗೆ ಜಾರುತ್ತಾ ಹೋಯಿತು. ಎಂಟು ಔನ್ಸ್ ಹಾಕಿದೆ, ನಿಂತಿತು. ಆದರೆ ಹನ್ನೆರಡಕ್ಕೆ ಹೆಚ್ಚುಕಡಿಮೆ 2.7 ಕಿಲೋ ಸೀಸ, ಮೊಣಕಾಲುದ್ದ ಕೆಸರಲ್ಲಿ ಹೊರಬೇಕು! ಇನ್ನೊಂದು ತೊಂದರೆ ಆಳದ್ದು. ನನ್ನ ದಾರ ನಾಲ್ಕು ಅಡಿ. ಆರು ಅಡಿ ನೀರಲ್ಲಿ ಗುಂಡು ತಳ ಮುಟ್ಟದೆ ನೇತಾಡಿತು, ಮೂರು ಡಿಕಾಯ್ ತೇಲಿಹೋದವು.

ಉದ್ದ ಹಗ್ಗ ಬೇರೆಯೇ ರೀತಿ. ನೂರು ಅಡಿ ಟಾರು ಹಚ್ಚಿದ ಹಗ್ಗ, ಮೇಲ್ಹೊಳೆಯ ತುದಿಗೆ ದೊಡ್ಡ ಲಂಗರು, ಕೆಳತುದಿಗೆ ಚಿಕ್ಕದು. ನಡುವೆ ಕೊಕ್ಕೆ ಇರುವ ಗಿಡ್ಡ ದಾರಗಳಲ್ಲಿ ಡಿಕಾಯ್ ಸಿಕ್ಕಿಸಬೇಕು. ದೋಣಿ ಬೇಕು, ಇಬ್ಬರು ಬೇಕು. ನವೆಂಬರ್ ಚಳಿಗೆ ಬೆರಳು ಮರಗಟ್ಟಿದಾಗ ಕೊಕ್ಕೆಯ ಬಾಯಿ ತೆರೆಯುವುದೇ ಇಲ್ಲ. ಆದರೂ ಒಮ್ಮೆ ನಿಂತರೆ ನಿಂತಿತು. ಒಂದು ಬೆಳಿಗ್ಗೆ ದೂರದಲ್ಲಿ ಸರಕು ಹೊರುವ ಬಾರ್ಜ್ ಸಾಗಿತು. ಅದರ ಅಲೆ ಬಂದಾಗ ಹನ್ನೆರಡೂ ಒಟ್ಟಿಗೆ ಎದ್ದು ಬಿದ್ದು, ಮತ್ತೆ ಅದೇ ಜಾಗದಲ್ಲಿ ತಲೆ ಮೇಲ್ಹೊಳೆಗೆ ಮಾಡಿ ಕೂತವು. ನಿಜವಾದ ಬಾತಿನ ಹಾಗೇ!

ಒಂದೇ ಗೆರೆಯಲ್ಲಿ ಕೂತರೆ ಮಾತ್ರ ಬಾತಿಗೆ ಅನುಮಾನ ಬರುತ್ತದೆ. ಹಾಗಾಗಿ ಗಿಡ್ಡ ದಾರಗಳನ್ನು ಹೆಚ್ಚುಕಡಿಮೆ ಮಾಡಿ, ಇಳಿಯಲು ಪಕ್ಕದಲ್ಲಿ ಖಾಲಿ ನೀರು ಬಿಡುತ್ತೇವೆ. ನಾಯಿ ಇದ್ದರೆ ಎಚ್ಚರ. ಹಿರಿಯರ ಲ್ಯಾಬ್ರಡಾರಿನ ಕಾಲು ಒಮ್ಮೆ ಹಗ್ಗಕ್ಕೆ ಸಿಕ್ಕಿ, ದೋಣಿಯಲ್ಲಿ ಹೋಗಿ ಬಿಡಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಡಿಕಾಯ್ ಕೊಳ್ಳುವಾಗ ತಳದಲ್ಲಿ ತೂಕ ತುಂಬಿದ್ದನ್ನೇ ಕೊಳ್ಳಿ. ತಳಕ್ಕೆ ನೀರು ತುಂಬಿಕೊಳ್ಳುವಂಥವು ಹಗುರ, ಆದರೆ ಸೆಳೆತಕ್ಕೆ ತೂರಾಡುತ್ತವೆ.

ದೋಣಿ ಇಲ್ಲದವರಿಗೆ ನಾನು ಟೆಕ್ಸಾಸ್ ರಿಗ್ಗನ್ನೇ ಹೇಳುತ್ತೇನೆ. ನಡುಗಡ್ಡೆಯ ಕೆಳತುದಿಯಲ್ಲಿ ನೀರು ನಿಧಾನ ಇರುತ್ತದೆ, ಅಲ್ಲಿ ಅದು ಸಾಕು. ದೋಣಿ ಇದ್ದರೆ ಸೆಳೆತದ ಅಂಚಿಗೆ ಉದ್ದ ಹಗ್ಗ. ಎರಡರಲ್ಲೂ ಡಿಕಾಯ್ ಕೊಕ್ಕನ್ನು ಗಮನಿಸಿ. ಅದು ನೀರಿಗೆ ಅದ್ದುತ್ತಿದ್ದರೆ ಸೆಳೆತ ಜಾಸ್ತಿ ಅಂತಲೇ ಅರ್ಥ. ಹತ್ತು ಅಡಿ ದಡದ ಕಡೆಗೆ ಸರಿಸಿ.