ತೀರಿಕೊಂಡವರಿಗಾಗಿ ಪೂಜೆಯೋ, ಜಪಸರವೋ?

ಅಜ್ಜಿ ಹೋದ ಮೇಲೆ ಇದು ಮೊದಲ ನವೆಂಬರ್, ನಾವು ಕ್ಯಾಥೊಲಿಕರು ತೀರಿಕೊಂಡವರನ್ನು ನೆನೆಯುವ ತಿಂಗಳು. ಚರ್ಚಿನಲ್ಲಿ ಪೂಜೆ (ಬಲಿಪೂಜೆ) ಹೇಳಿಸಬೇಕಾ, ಮನೆಯಲ್ಲೇ ಜಪಸರ (ಮಣಿಸರ ಹಿಡಿದು ಮಾತೆ ಮರಿಯಳಿಗೆ ಮಾಡುವ ಪ್ರಾರ್ಥನೆ) ಸಾಕಾ ಅಂತ ತೀರ್ಥಹಳ್ಳಿಯಿಂದ ತಂಗಿ ಕೇಳಿದಳು.

ಶುದ್ಧೀಕರಣ ಸ್ಥಳದಲ್ಲಿ, ಅಂದರೆ ಸ್ವರ್ಗ ಸೇರುವ ಮುನ್ನ ಶುದ್ಧಿಗೊಳ್ಳುವ ಸ್ಥಿತಿಯಲ್ಲಿ, ಇರುವ ಆತ್ಮಗಳಿಗೆ ಎರಡೂ ನೆರವಾಗುತ್ತವೆ ಅನ್ನುವುದು ನಮ್ಮ ನಂಬಿಕೆ. ಆದರೂ ಪೂಜೆಯೇ ಮೇಲು. ಅಲ್ಲಿ ಅರ್ಪಿಸುವುದು ಕ್ರಿಸ್ತನ ಬಲಿಯನ್ನೇ. ಅಡಿಕೆ ಕೊಯ್ಲಿನ ನಡುವೆ ಚರ್ಚಿಗೆ ಹೋಗುವುದು ಕಷ್ಟ, ಅಲ್ವಾ? ಅಂಥ ದಿನ ಜಪಸರ ಹಿಡಿಯಿರಿ. ಸುಮಾರು 20 ನಿಮಿಷ, ಮನೆಮಂದಿಯೆಲ್ಲ ಕೂರಬಹುದು.

ಮೂರನೆಯ ದಾರಿಯನ್ನು ಜಾಸ್ತಿ ಜನ ಮರೆಯುತ್ತಾರೆ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಪ್ರಾರ್ಥಿಸಿದರೆ, ಮೃತರಿಗಾಗಿ ದಿನಕ್ಕೊಂದು ಪೂರ್ಣ ದಂಡವಿಮೋಚನೆ (ಕ್ಷಮೆ ಸಿಕ್ಕ ಪಾಪಗಳಿಗೆ ಉಳಿದ ಶಿಕ್ಷೆಯ ಪೂರ್ತಿ ಮನ್ನಾ) ಪಡೆಯಬಹುದು. ಸುಮ್ನೆ ಹೋದರೆ ಸಾಲದು. ಪಾಪನಿವೇದನೆ (ಗುರುಗಳ ಬಳಿ ಪಾಪ ಒಪ್ಪಿಕೊಳ್ಳುವುದು), ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕಾರ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕು. ಪಾಪದ ಮೋಹವನ್ನೂ ಬಿಡಬೇಕು.

ನಾನಂತೂ ಮೃತರ ಸ್ಮರಣೆಯ ದಿನವಾದ 2ರಂದು ಪೂಜೆ ಮುಗಿಸಿ, ಅಜ್ಜಿಯ ಸಮಾಧಿಗೆ ಮೇಣದಬತ್ತಿ ಹಚ್ಚಿ ಬರುತ್ತೇನೆ.