ನ್ಯೂಜೆರ್ಸಿಯ ಚರ್ಚ್ ನೆರವು ಕೇಂದ್ರ: 2017ರಿಂದ ಬಳಸುತ್ತಿರುವವಳ ವಿಮರ್ಶೆ

ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ನಾವು ವಾಸವಾಗಿರುವ ಊರಿನ ಒಂದು ಲೂಥರನ್ ಚರ್ಚು, ಹತ್ತಿರದ ಕ್ಯಾಥೊಲಿಕ್ ಚರ್ಚು ಮತ್ತು ಒಂದು ಸಮುದಾಯ ಸಂಸ್ಥೆ ಸೇರಿ ಹೊಸದಾಗಿ ಬಂದ ವಲಸಿಗರಿಗೂ ಕಡಿಮೆ ಸಂಬಳದ ಕೆಲಸಗಾರರಿಗೂ ಹಲವು ಸೇವೆಗಳನ್ನು ಉಚಿತವಾಗಿ ನಡೆಸುತ್ತಿವೆ. ಆಹಾರ ಹಂಚಿಕೆ, ಇಂಗ್ಲಿಷ್ ತರಗತಿ, ತೆರಿಗೆ ಸಲ್ಲಿಕೆ, ಕೂಲಿ ಹಕ್ಕುಗಳ ಸಲಹೆ, ಪೌರತ್ವದ ಅರ್ಜಿ, ಇವಿಷ್ಟನ್ನೂ ನಮ್ಮ ಮನೆಯವರು ಒಂದಲ್ಲ ಒಂದು ಕಾಲದಲ್ಲಿ ಬಳಸಿದ್ದೇವೆ. ಅಮೆರಿಕದಲ್ಲಿರುವ ಕನ್ನಡಿಗರೆಂದರೆ ಸಾಫ್ಟ್‌ವೇರ್‌ನವರು ಎಂಬ ಭಾವನೆ ಊರಿನಲ್ಲೂ ಇದೆ, ಇಲ್ಲಿಯೂ ಇದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಅರ್ಜಿ ಹಾಕಿ ಕರೆಸಿಕೊಂಡ, ನಡುವಯಸ್ಸಿನಲ್ಲಿ ಬಂದು ವೇರ್‌ಹೌಸ್, ಪೆಟ್ರೋಲ್ ಬಂಕ್, ಹೋಟೆಲ್ ಅಡುಗೆಮನೆ, ಪ್ಯಾಕಿಂಗ್ ಘಟಕಗಳಲ್ಲಿ ದುಡಿಯುವ ಕನ್ನಡಿಗರೂ ಇದ್ದಾರೆ, ನಾವೂ ಅವರಲ್ಲೇ ಒಬ್ಬರು. ಈ ವಿಮರ್ಶೆಯನ್ನು ಮುಖ್ಯವಾಗಿ ಅಂಥವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಯಜಮಾನರ ಅಕ್ಕ ಹಾಕಿದ್ದ ಅರ್ಜಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸರದಿಯಲ್ಲಿದ್ದು, 2017ರಲ್ಲಿ ನಾವು ದಾವಣಗೆರೆಯಿಂದ ಮಕ್ಕಳಿಬ್ಬರೊಂದಿಗೆ ಇಲ್ಲಿಗೆ ಬಂದೆವು. ಕೈಯಲ್ಲಿ ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ಸರ್ಕಾರದ ಎಲ್ಲ ಸವಲತ್ತುಗಳೂ ಸಿಗುತ್ತವೆ ಎಂದು ಊರಿನ ನೆಂಟರು ತಿಳಿದಿದ್ದರು. ವಾಸ್ತವ ಬೇರೆ. 1996ರ ಕಾನೂನಿನಂತೆ ಕುಟುಂಬದ ಮೂಲಕ ಗ್ರೀನ್ ಕಾರ್ಡ್ ಪಡೆದ ವಯಸ್ಕರಿಗೆ ಸಾಮಾನ್ಯವಾಗಿ ಮೊದಲ 5 ವರ್ಷ ಸರ್ಕಾರದ ಆಹಾರ ಸಹಾಯವಾದ ಸ್ನ್ಯಾಪ್ ದೊರೆಯುವುದಿಲ್ಲ, 18 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ವಿಷಯದಲ್ಲಿ ವಿನಾಯಿತಿ ಇದೆ. ಹೊಸ ಸಂಸಾರಕ್ಕೆ ಅತಿ ಹೆಚ್ಚು ಕಷ್ಟವಿರುವ ವರ್ಷಗಳು ಇವೇ ಆಗಿರುವುದರಿಂದ ಚರ್ಚುಗಳ ಆಹಾರ ಕೇಂದ್ರಗಳಿಗೆ ಇಷ್ಟು ಮಹತ್ವ ಬಂದಿದೆ.

ಆಹಾರ ಕೇಂದ್ರವನ್ನು ಇಲ್ಲಿ ಪ್ಯಾಂಟ್ರಿ ಎನ್ನುತ್ತಾರೆ. ನಮ್ಮದು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿದೆ. ಅಲ್ಲಿಗೆ ಬರುವ ದಿನಸಿಯಲ್ಲಿ ಒಂದು ಪಾಲು ಕೇಂದ್ರ ಕೃಷಿ ಇಲಾಖೆಯ ತುರ್ತು ಆಹಾರ ಕಾರ್ಯಕ್ರಮದ್ದು, ಉಳಿದದ್ದು ಅಂಗಡಿಗಳು ಮತ್ತು ಚರ್ಚಿನ ಸದಸ್ಯರು ಕೊಡುವುದು. ಹೆಸರು, ವಿಳಾಸ, ಮನೆಯಲ್ಲಿರುವವರ ಸಂಖ್ಯೆ ಬರೆದುಕೊಳ್ಳುತ್ತಾರೆ. ಆದಾಯ ಮಿತಿಯೊಳಗಿದೆ ಎಂದು ನಾವೇ ಸಹಿ ಮಾಡಿದರೆ ಸಾಕು, ಸಂಬಳದ ಚೀಟಿ ಕೇಳುವುದಿಲ್ಲ, ವೀಸಾದ ಮಾತಂತೂ ಬರುವುದೇ ಇಲ್ಲ. ಚರ್ಚಿಗೆ ಹೋದರೆ ಪ್ರಾರ್ಥನೆ ಮಾಡಿಸುತ್ತಾರೆ, ಮತ ಬದಲಾಯಿಸು ಎನ್ನುತ್ತಾರೆ ಎಂಬ ಹೆದರಿಕೆ ನಮ್ಮವರಲ್ಲಿ ಬಹಳ ಜನಕ್ಕಿದೆ. ಸರ್ಕಾರದ ಆಹಾರ ಹಂಚುವ ಸಂಸ್ಥೆ ಅದಕ್ಕೆ ಪ್ರತಿಯಾಗಿ ಪ್ರಾರ್ಥನೆಯನ್ನಾಗಲಿ ಉಪದೇಶ ಕೇಳುವುದನ್ನಾಗಲಿ ಕಡ್ಡಾಯ ಮಾಡುವಂತಿಲ್ಲ ಎಂಬುದು ನಿಯಮ. ಇಷ್ಟು ವರ್ಷಗಳಲ್ಲಿ ನಮ್ಮ ಕೇಂದ್ರದಲ್ಲಿ ಅಂಥ ಒಂದು ಮಾತನ್ನೂ ನಾನು ಕೇಳಿಲ್ಲ. ಕ್ರಿಸ್‌ಮಸ್ ಸಮಯದಲ್ಲಿ ಹಾಡಿನ ಕಾರ್ಯಕ್ರಮಕ್ಕೆ ಕರೆಯುತ್ತಾರೆ, ಹೋಗುವುದು ಬಿಡುವುದು ನಮ್ಮ ಇಷ್ಟ.

ಮೊದಲೆರಡು ವರ್ಷ ಸಿದ್ಧವಾಗಿ ಕಟ್ಟಿಟ್ಟ ಚೀಲ ಕೊಡುತ್ತಿದ್ದರು. ಅದರಲ್ಲಿ ಮಾಂಸದ ಡಬ್ಬಿಗಳಿದ್ದರೆ ನಮ್ಮಂಥ ಸಸ್ಯಾಹಾರಿಗಳಿಗೆ ಉಪಯೋಗವಿರುತ್ತಿರಲಿಲ್ಲ, ಅದನ್ನು ವಾಪಸು ಕೊಡಲು ಸಂಕೋಚವೂ ಆಗುತ್ತಿತ್ತು. ಈಗ ಅಂಗಡಿಯಲ್ಲಿ ಕೊಳ್ಳುವ ರೀತಿಯಲ್ಲಿ ಕಪಾಟಿನಿಂದ ಬೇಕಾದದ್ದನ್ನು ನಾವೇ ಆರಿಸಿಕೊಳ್ಳುವ ಪದ್ಧತಿ ತಂದಿದ್ದಾರೆ. ಪ್ರತಿ ಕಪಾಟಿನ ಮೇಲೆ ಎಷ್ಟು ಜನರ ಮನೆಗೆ ಎಷ್ಟು ಡಬ್ಬಿ ಎಂದು ಬರೆದಿರುತ್ತದೆ. ನಾನು ಹೆಚ್ಚಾಗಿ ತೆಗೆದುಕೊಳ್ಳುವುದು ಅಕ್ಕಿ, ಓಟ್ಸ್, ಕಡಲೆಕಾಯಿ ಬೆಣ್ಣೆ ಮತ್ತು ಬೇಯಿಸಿದ ಕಾಳಿನ ಡಬ್ಬಿಗಳು. ಡಬ್ಬಿಯ ಅಲಸಂದೆಕಾಳಿನಲ್ಲಿ ಉಪ್ಪು ವಿಪರೀತವಿರುತ್ತದೆ; ಆ ನೀರನ್ನು ಚೆಲ್ಲಿ, ಜಾಲರಿಯಲ್ಲಿ ಹಾಕಿ ಎರಡು ಸಲ ತೊಳೆದು, ಕಾಯಿ ರುಬ್ಬಿ ಹಾಕಿದರೆ ಸಾರು ಚೆನ್ನಾಗಿಯೇ ಆಗುತ್ತದೆ, ಆದರೆ ಸಾರಿಗೆ ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡಬೇಕು. ತಾಜಾ ತರಕಾರಿ ಮಾತ್ರ ಯಾವಾಗಲೂ ಸಾಲುವುದಿಲ್ಲ. 2025ರಲ್ಲಿ ಕೃಷಿ ಇಲಾಖೆಯು ಈ ಕಾರ್ಯಕ್ರಮದ ಸರಬರಾಜಿನ ಒಂದು ಭಾಗವನ್ನು ಕಡಿತ ಮಾಡಿತು, ಅದೇ ನವೆಂಬರಿನಲ್ಲಿ ಸರ್ಕಾರದ ಕಚೇರಿಗಳು ಮುಚ್ಚಿದ್ದಾಗ ಸ್ನ್ಯಾಪ್ ಹಣವೂ ನಿಂತಿತು. ಆ ವಾರಗಳಲ್ಲಿ ಸರದಿ ಕಟ್ಟಡವನ್ನು ಸುತ್ತಿಕೊಂಡು ಹೊರಗಿನ ರಸ್ತೆಯವರೆಗೂ ಬಂದಿತ್ತು, ಸ್ವಯಂಸೇವಕರು ಯಾರನ್ನೂ ಬರಿಗೈಯಲ್ಲಿ ಕಳಿಸಬಾರದೆಂದು ಪ್ರತಿಯೊಬ್ಬರ ಪಾಲನ್ನೂ ಕಡಿಮೆ ಮಾಡಿ ಹಂಚಿದರು.

ಇಡೀ ಕೇಂದ್ರದಲ್ಲಿ ನನಗೆ ಅತ್ಯುತ್ತಮವೆನಿಸಿದ ಸೇವೆ ತೆರಿಗೆ ಸಲ್ಲಿಕೆಯದು. ಇದಕ್ಕೆ ವೀಟಾ ಎನ್ನುತ್ತಾರೆ. ತೆರಿಗೆ ಇಲಾಖೆಯಾದ ಐಆರ್‌ಎಸ್ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಟ್ಟ ಸ್ವಯಂಸೇವಕರು ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಚರ್ಚಿನ ಸಭಾಂಗಣದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಮೊದಲು ಒಂದು ಪ್ರಶ್ನಾವಳಿ ತುಂಬಬೇಕು, ಬಳಿಕ ಒಬ್ಬರು ರಿಟರ್ನ್ ಸಿದ್ಧಪಡಿಸುತ್ತಾರೆ, ಅದಾದ ಮೇಲೆ ಬೇರೊಬ್ಬರು ಬಂದು ನಮ್ಮ ಎದುರಿಗೇ ಡಬ್ಲ್ಯೂ-2 ಚೀಟಿಯ (ವರ್ಷದ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆ ತೋರಿಸಿ ಮಾಲೀಕರು ಕೊಡುವ ಚೀಟಿ) ಒಂದೊಂದು ಅಂಕಿಯನ್ನೂ ಪರದೆಯೊಂದಿಗೆ ಹೋಲಿಸಿ ನೋಡುತ್ತಾರೆ. ಎರಡನೆಯವರ ಈ ಪರಿಶೀಲನೆ ಕಡ್ಡಾಯ. ನಾವು ಬಂದ ಹೊಸದರಲ್ಲಿ ಅಂಗಡಿ ಸಾಲಿನ ಒಬ್ಬ ಖಾಸಗಿ ಏಜೆಂಟರು ಇದೇ ಕೆಲಸಕ್ಕೆ ನಮ್ಮಿಂದ ದೊಡ್ಡ ಮೊತ್ತ ತೆಗೆದುಕೊಂಡಿದ್ದರು, ನಮಗೆ ಬರಬೇಕಾಗಿದ್ದ ರಿಯಾಯಿತಿಯನ್ನೂ ಬಿಟ್ಟುಬಿಟ್ಟಿದ್ದರು. ಮರುವರ್ಷ ವೀಟಾದವರು ಆ ಹಳೆಯ ರಿಟರ್ನ್ ನೋಡಿ ತಿದ್ದುಪಡಿ ಸಲ್ಲಿಸಿಕೊಟ್ಟರು.

ಇದರ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ಹೇಳುತ್ತೇನೆ. ಕಡಿಮೆ ಆದಾಯದ ದುಡಿಯುವ ಕುಟುಂಬಗಳಿಗೆ ಕೇಂದ್ರ ಸರ್ಕಾರ ಕೊಡುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ 2024ರ ಆದಾಯಕ್ಕೆ ಎರಡು ಮಕ್ಕಳಿರುವ ಮನೆಗೆ ಗರಿಷ್ಠ 6,960 ಡಾಲರ್ ಇತ್ತು. ನ್ಯೂಜೆರ್ಸಿ ರಾಜ್ಯ ಅದರ ಶೇ 40ರಷ್ಟನ್ನು ತನ್ನ ಕಡೆಯಿಂದ ಬೇರೆಯಾಗಿ ಕೊಡುತ್ತದೆ. ಎಲ್ಲರಿಗೂ ಗರಿಷ್ಠ ಮೊತ್ತ ಸಿಗುವುದಿಲ್ಲ, ಆದರೂ ವೇರ್‌ಹೌಸ್ ಸಂಬಳದಲ್ಲಿ ಬದುಕುವವರಿಗೆ ಇದು ಹಲವು ತಿಂಗಳ ಬಾಡಿಗೆಗೆ ಸಮ. ರಿಟರ್ನ್‌ನಲ್ಲಿ ಕೇಳದಿದ್ದರೆ ಬರುವುದಿಲ್ಲ ಎಂಬುದೇ ಇದರ ತೊಡಕು.

ಕನ್ನಡಿಗರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಊರಿನ ಬ್ಯಾಂಕಿನಲ್ಲಿರುವ ಠೇವಣಿಯ ಬಡ್ಡಿಯನ್ನೂ ಇಲ್ಲಿನ ರಿಟರ್ನ್‌ನಲ್ಲಿ ಆದಾಯವೆಂದು ತೋರಿಸಬೇಕು, ಆ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವರದಿಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಆ ಲೆಕ್ಕ ಸಾಮಾನ್ಯವಾಗಿ ವೀಟಾ ಸ್ವಯಂಸೇವಕರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಪರಿಚಯದ ಹುಬ್ಬಳ್ಳಿಯ ದಂಪತಿಗಳು ಅರ್ಧ ದಿನ ರಜೆ ಹಾಕಿ ಬಂದು, ಇದೇ ಕಾರಣಕ್ಕೆ ಹಿಂದಿರುಗಬೇಕಾಯಿತು. ಸಮಯ ಗೊತ್ತುಪಡಿಸುವಾಗಲೇ ಫೋನಿನಲ್ಲಿ ಈ ಪ್ರಶ್ನೆ ಕೇಳಿದ್ದರೆ ಅವರ ಆ ದಿನದ ಕೂಲಿ ಉಳಿಯುತ್ತಿತ್ತು. ಇದನ್ನು ಕೇಂದ್ರದವರಿಗೆ ನಾನೇ ಬರೆದು ತಿಳಿಸಿದ್ದೇನೆ.

ಕೂಲಿ ಹಕ್ಕುಗಳ ಸಲಹೆ ತಿಂಗಳಿಗೊಂದು ಸಂಜೆ ಕ್ಯಾಥೊಲಿಕ್ ಚರ್ಚಿನಲ್ಲಿ ನಡೆಯುತ್ತದೆ. ನನ್ನ ಯಜಮಾನರು ಟರ್ನ್‌ಪೈಕ್ ಹೆದ್ದಾರಿಯ ಪಕ್ಕದ ಒಂದು ವೇರ್‌ಹೌಸ್‌ಗೆ ತಾತ್ಕಾಲಿಕ ಕೆಲಸಗಾರರ ಏಜೆನ್ಸಿಯೊಂದರ ಮೂಲಕ ಹೋಗುತ್ತಿದ್ದರು, ಕರೆದೊಯ್ಯುವ ವ್ಯಾನಿನ ಬಾಡಿಗೆಯೆಂದು ಪ್ರತಿವಾರದ ಸಂಬಳದಲ್ಲಿ ಹಣ ಹಿಡಿಯುತ್ತಿದ್ದರು. 2023ರಲ್ಲಿ ಜಾರಿಗೆ ಬಂದ ನ್ಯೂಜೆರ್ಸಿಯ ತಾತ್ಕಾಲಿಕ ಕೆಲಸಗಾರರ ಹಕ್ಕುಗಳ ಕಾನೂನು ಹೀಗೆ ಸಾರಿಗೆ ವೆಚ್ಚ ಹಿಡಿಯುವುದನ್ನು ನಿಷೇಧಿಸಿದೆ. ಕೆಲಸಕ್ಕೆಂದು ಕರೆಸಿ ಕೆಲಸ ಕೊಡದೆ ಕಳಿಸಿದರೆ ಕನಿಷ್ಠ 4 ಗಂಟೆಯ ಕೂಲಿ ಕೊಡಬೇಕೆಂದೂ ಅದರಲ್ಲಿದೆ. ಇದು ನಮಗೆ ತಿಳಿದದ್ದೇ ಆ ಸಂಜೆ. ಅಲ್ಲಿದ್ದ ಮಹಿಳೆಯೊಬ್ಬರು ಹಳೆಯ ಸಂಬಳದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ದಿನಾಂಕದ ಪ್ರಕಾರ ಜೋಡಿಸಿ, ಕಡಿತವಾದ ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಕಾರ್ಮಿಕ ಇಲಾಖೆಗೆ ಕೊಡುವ ದೂರನ್ನು ನಮ್ಮೊಂದಿಗೇ ಕುಳಿತು ತುಂಬಿಸಿದರು. ಇಲಾಖೆ ದೂರುದಾರರ ವಲಸೆ ಸ್ಥಿತಿಯನ್ನು ಕೇಳುವುದಿಲ್ಲ, ಬಾಕಿ ಕೂಲಿಗಾಗಿ 6 ವರ್ಷದವರೆಗೆ ದೂರು ಕೊಡಬಹುದು. ನಮ್ಮ ದೂರು ಇತ್ಯರ್ಥವಾಗಲು ಬಹಳ ಕಾಲ ಹಿಡಿಯಿತು, ಹಣ ಬಂತು. ಆ ನಡುವೆ ಪ್ರಕರಣ ಎಲ್ಲಿಗೆ ಬಂದಿದೆ ಎಂದು ಕೇಂದ್ರದವರು ತಾವಾಗಿ ಒಮ್ಮೆಯೂ ತಿಳಿಸಲಿಲ್ಲ, ಪ್ರತಿ ಸಲ ನಾವೇ ಹೋಗಿ ಕೇಳಬೇಕಾಯಿತು. ಒಂದೇ ಮೇಜಿನಲ್ಲಿ ಅಷ್ಟೊಂದು ಜನರ ಕಡತಗಳಿದ್ದರೆ ಹೀಗಾಗುವುದು ಅರ್ಥವಾಗುವಂಥದ್ದೇ, ಆದರೆ ಸಂಬಳಕ್ಕಾಗಿ ಕಾಯುತ್ತಿರುವವರಿಗೆ ಒಂದು ಫೋನ್ ಕರೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಅವರು ಯೋಚಿಸಬೇಕು.

ಇದೇ ಚರ್ಚಿನಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯ ಘಟಕವೂ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಂ ಮತ್ತು ಅವರ ಸಹಪಾಠಿಗಳು ಆರಂಭಿಸಿದ ಈ ಸಂಘದ ಸದಸ್ಯರು ಇಂದಿಗೂ ಇಬ್ಬಿಬ್ಬರಾಗಿ ಮನೆಗೆ ಬಂದು ಕಷ್ಟ ಕೇಳುತ್ತಾರೆ. ಯಜಮಾನರಿಗೆ ಶಸ್ತ್ರಚಿಕಿತ್ಸೆಯಾಗಿ ಕೆಲಸಕ್ಕೆ ಹೋಗಲಾಗದಿದ್ದಾಗ, ರಾಜ್ಯದ ತಾತ್ಕಾಲಿಕ ಅಂಗವಿಕಲತೆ ವಿಮೆಗೆ ಅರ್ಜಿ ಹಾಕಬಹುದೆಂದು ಹೇಳಿದವರು ಅವರೇ. ಆ ಹಣ ಬರುವವರೆಗಿನ ವಿದ್ಯುತ್ ಬಿಲ್ಲನ್ನು ನಮ್ಮ ಕೈಗೆ ಕೊಡದೆ ನೇರವಾಗಿ ಕಂಪನಿಗೆ ಕಟ್ಟಿದರು. ಮನೆಗೆ ಬಂದವರು ಅಡುಗೆಮನೆಯ ಕುರ್ಚಿಯಲ್ಲೇ ಕುಳಿತರು, ಕಾಫಿ ಕುಡಿದರು, ಮಕ್ಕಳ ಓದಿನ ಬಗ್ಗೆ ವಿಚಾರಿಸಿದರು. ನೆರವು ಪಡೆಯುವವರ ಮಾನ ಉಳಿಸುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತು.

ಇಂಗ್ಲಿಷ್ ತರಗತಿಯ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. ಕಲಿಸುವವರು ಬಹುಪಾಲು ನಿವೃತ್ತ ಶಿಕ್ಷಕರು, ತಾಳ್ಮೆಗೆ ಕೊರತೆಯಿಲ್ಲ. ಗುಜರಾತಿ, ಸ್ಪ್ಯಾನಿಷ್, ಅರಬ್ಬಿ, ಚೀನೀ ಮಾತಾಡುವವರ ನಡುವೆ ಕುಳಿತು, ಯಾರ ಇಂಗ್ಲಿಷೂ ಪೂರ್ತಿಯಾಗಿಲ್ಲದ ಕಡೆ ಮಾತಾಡುವ ಭಯ ಹೋಗುತ್ತದೆ. ಕಾಯಿಲೆ ಬಂದಿದೆ ಎಂದು ಸೂಪರ್‌ವೈಸರಿಗೆ ಫೋನ್ ಮಾಡುವುದನ್ನು ಒಂದು ಪಾಠದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಅಭ್ಯಾಸ ಮಾಡಿಸಿದರು, ಏಕೆಂದರೆ ಫೋನಿನಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ಆ ಪಾಠ ಇವತ್ತಿಗೂ ನನಗೆ ಕೆಲಸಕ್ಕೆ ಬರುತ್ತಿದೆ. ಆದರೆ ಅಕ್ಷರ ಕಲಿಯುವವರನ್ನೂ ಪತ್ರಿಕೆ ಓದಬಲ್ಲವರನ್ನೂ ಒಂದೇ ಕೊಠಡಿಯಲ್ಲಿ ಕೂರಿಸುತ್ತಾರೆ, ಬೇಸಿಗೆಯಲ್ಲಿ ತರಗತಿ ನಿಲ್ಲುತ್ತದೆ, ಮಧ್ಯಾಹ್ನದ ಶಿಫ್ಟ್‌ನಲ್ಲಿ ದುಡಿಯುವವರಿಗೆ ಹೊಂದುವ ಸಮಯವೇ ಇಲ್ಲ. ಯಾರಿಗೆ ಇದರ ಅಗತ್ಯ ಹೆಚ್ಚೋ ಅವರೇ ಹೊರಗುಳಿಯುತ್ತಾರೆ. ಈ ಸೇವೆಯ ಅತಿ ದೊಡ್ಡ ಕೊರತೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಭಾನುವಾರ ಬೆಳಿಗ್ಗೆ ಒಂದು ತರಗತಿ ಇಡಬಹುದಿತ್ತು, ಆದರೆ ಚರ್ಚಿಗೆ ಅದೇ ಪೂಜೆಯ ಹೊತ್ತು.

ಪೌರತ್ವದ ಅರ್ಜಿಗೆ ಸಮುದಾಯ ಸಂಸ್ಥೆಯ ಕಚೇರಿಗೆ ಹೋದೆವು. ಅಲ್ಲಿರುವವರು ವಕೀಲರಲ್ಲ, ಆದರೆ ಅಮೆರಿಕದ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು, ಅಂದರೆ ವಲಸೆ ಅರ್ಜಿಗಳನ್ನು ಸಿದ್ಧಪಡಿಸಲು ಕಾನೂನುಬದ್ಧ ಅಧಿಕಾರವಿರುವವರು. ಈ ಮಾನ್ಯತೆ ಇಲ್ಲದೆ, ವಕೀಲರೂ ಅಲ್ಲದೆ ಹಣ ಪಡೆದು ವಲಸೆಯ ಸಲಹೆ ಕೊಡುವವರು ಬಹಳ ಮಂದಿಯಿದ್ದಾರೆ, ಅವರ ಹತ್ತಿರ ಹೋಗಬೇಡಿ. ಪೌರತ್ವ ಪರೀಕ್ಷೆಯೂ ಬದಲಾಗಿದೆ: 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರು 128 ಪ್ರಶ್ನೆಗಳನ್ನು ಓದಿಕೊಳ್ಳಬೇಕು, ಕೇಳುವ 20ರಲ್ಲಿ 12ಕ್ಕೆ ಸರಿಯಾದ ಉತ್ತರ ಕೊಡಬೇಕು. ನಾನು ಪರೀಕ್ಷೆ ಬರೆದದ್ದು ಹಳೆಯ 100 ಪ್ರಶ್ನೆಗಳ ಕಾಲದಲ್ಲಿ.

2025ರ ಜನವರಿಯಲ್ಲಿ ಚರ್ಚು, ಶಾಲೆಗಳಂಥ ಸ್ಥಳಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಇದ್ದ ನಿರ್ಬಂಧವನ್ನು ಸರ್ಕಾರ ಹಿಂತೆಗೆದುಕೊಂಡ ಮೇಲೆ ತರಗತಿಯಲ್ಲಿ ಖಾಲಿ ಕುರ್ಚಿಗಳು ಹೆಚ್ಚಾದವು. ಕಾಗದಪತ್ರ ಸರಿಯಾಗಿರುವವರೂ ಬರಲು ಹೆದರಿದರು. ಕೇಂದ್ರದವರು ಬಾಗಿಲು ಮುಚ್ಚಲಿಲ್ಲ. ಪ್ಯಾಂಟ್ರಿಗೆ ಬರಲಾರದ ಮನೆಗಳಿಗೆ ಸದಸ್ಯರೇ ತಮ್ಮ ಕಾರುಗಳಲ್ಲಿ ದಿನಸಿ ತಲುಪಿಸಲು ಶುರು ಮಾಡಿದರು. ಅವರ ಮೇಲೆ ನನಗೆ ಮೊದಲೇ ಇದ್ದ ಗೌರವ ಇದರಿಂದ ಇನ್ನಷ್ಟು ಹೆಚ್ಚಿತು.

ನಮ್ಮ ಕನ್ನಡ ಕೂಟಗಳಿಗೆ ಒಂದು ವಿನಂತಿಯಿದೆ. ವೀಟಾ ಪರೀಕ್ಷೆಗೆ ಲೆಕ್ಕಪತ್ರದ ಪದವಿ ಬೇಕಿಲ್ಲ, ತರಬೇತಿ ಉಚಿತ. ಯುಗಾದಿ ಹಬ್ಬಕ್ಕೆ ಅಷ್ಟೊಂದು ಚೆನ್ನಾಗಿ ಸಂಘಟನೆ ಮಾಡುವ ನಮ್ಮವರಲ್ಲಿ ಕೆಲವರು ಪ್ರಮಾಣಪತ್ರ ಪಡೆದು ಈ ಮೇಜುಗಳಲ್ಲಿ ಕುಳಿತರೆ, ಇಂಗ್ಲಿಷ್ ಬಾರದ ಹಿರಿಯರು ಕನ್ನಡದಲ್ಲೇ ಉತ್ತರ ಹೇಳಬಹುದು.

ಹೊಸದಾಗಿ ಬಂದವರು 211 ಎಂಬ ಸಹಾಯವಾಣಿಗೆ ಕರೆ ಮಾಡಿದರೆ ಹತ್ತಿರದ ಪ್ಯಾಂಟ್ರಿ ಮತ್ತು ವೀಟಾ ಕೇಂದ್ರದ ವಿವರ ಸಿಗುತ್ತದೆ. ತೆರಿಗೆಗೆ ಜನವರಿಯ ಮೊದಲ ವಾರದಲ್ಲೇ ಸಮಯ ಕೇಳಿ, ತಡವಾದರೆ ಮಾರ್ಚ್‌ವರೆಗೂ ಜಾಗವಿರುವುದಿಲ್ಲ. ಮನೆಯವರೆಲ್ಲರ ಸೋಷಿಯಲ್ ಸೆಕ್ಯುರಿಟಿ ಕಾರ್ಡುಗಳು, ಫೋಟೋ ಇರುವ ಗುರುತಿನ ಚೀಟಿ, ಎಲ್ಲ ಕೆಲಸಗಳ ಡಬ್ಲ್ಯೂ-2, ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಊರಿನ ಬ್ಯಾಂಕಿನ ಬಡ್ಡಿ ವಿವರ ಜೊತೆಗಿರಲಿ; ಒಟ್ಟಿಗೆ ಸಲ್ಲಿಸುವುದಾದರೆ ಗಂಡಹೆಂಡತಿ ಇಬ್ಬರೂ ಸಹಿಗೆ ಬರಬೇಕು.